ಲೆಕ್ಕಕ್ಕುಂಟು, ಆಟಕ್ಕಿಲ್ಲ

ಚದುರಂಗದ ಮಣೆಯ ನಾಲ್ಕು ಮೂಲೆಗಳಲ್ಲಿ ನಾವು ಆನೆ ನಿಲ್ಲಿಸುತ್ತೇವೆ. ಅದೇ ಕಾಯಿಗೆ ಬಂಗಾಳದಲ್ಲಿ ನೌಕೆ ಎನ್ನುತ್ತಾರೆ. ಆ ಹೆಸರಿಗೆ ಹಳೆಯ ಬೇರಿದೆ. ದಾಳ ಹಾಕಿ ನಾಲ್ವರು ಆಡುತ್ತಿದ್ದ ಚತುರಾಜಿಯಲ್ಲಿ ಕೆಂಪು, ಹಸಿರು, ಹಳದಿ, ಕಪ್ಪು ಎಂಬ ನಾಲ್ಕು ರಾಜ್ಯಗಳು. ಒಂದೊಂದಕ್ಕೂ ಒಬ್ಬ ರಾಜ, ಒಂದು ಆನೆ, ಒಂದು ಕುದುರೆ, ನಾಲ್ವರು ಕಾಲಾಳು, ಮೂಲೆಯಲ್ಲಿ ಒಂದು ದೋಣಿ. ಬಂಗಾಳದ ಸ್ಮೃತಿಕಾರ ರಘುನಂದನನ ‘ತಿಥಿತತ್ತ್ವ’ದಲ್ಲಿ ಇದರ ನಿಯಮಗಳು ಸಿಗುತ್ತವೆ. ದೋಣಿ ಓರೆಯಾಗಿ ಎರಡು ಮನೆ ಜಿಗಿಯುತ್ತದೆ, ಅಷ್ಟೇ. ಮಣೆಯಲ್ಲಿ 64 ಮನೆಗಳಿದ್ದರೂ ಆಟ ಮುಗಿಯುವ ತನಕ ಒಂದು ದೋಣಿ ಮುಟ್ಟಬಲ್ಲದ್ದು ಎಂಟನ್ನು ಮಾತ್ರ. ನಾಲ್ಕೂ ದೋಣಿಗಳ ಎಂಟೆಂಟು ಮನೆಗಳು ಬೇರೆ ಬೇರೆಯಾದ್ದರಿಂದ ಒಂದು ದೋಣಿ ಇನ್ನೊಂದನ್ನು ನೇರವಾಗಿ ಹೊಡೆಯುವಂತೆಯೇ ಇಲ್ಲ. ಆದರೆ ನಾಲ್ಕೂ ಒಂದಕ್ಕೊಂದು ತಾಗಿ ಚೌಕವಾಗಿ ನಿಂತರೆ, ಆ ಚೌಕವನ್ನು ಕೊನೆಗೆ ಬಂದು ಪೂರ್ತಿ ಮಾಡಿದವನ ಪಾಲಿಗೆ ಉಳಿದ ಮೂರೂ ಸೇರುತ್ತವೆ. ಇದಕ್ಕೆ ಬೃಹನ್ನೌಕೆ ಎಂದು ಹೆಸರು. ಈ ಲೋಕದಲ್ಲಿ ಯಾವ ರಾಜ್ಯದ ನೌಕಾಪಡೆ ದೊಡ್ಡದು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಎಲ್ಲರದ್ದೂ ಒಂದೊಂದೇ. ಯಾರ ದೋಣಿ ಎಲ್ಲಿದೆ, ಯಾವಾಗ ಅಲ್ಲಿಗೆ ಬಂತು ಎಂಬುದಷ್ಟೇ ಪ್ರಶ್ನೆ.

ಕಂಪ್ಯೂಟರ್ ಆಟಗಳಿಗೆ ಬಂದಾಗ ಈ ಪ್ರಶ್ನೆ ಮಸುಕಾಯಿತು. 1999ರಲ್ಲಿ ಬಂದು ಈಗಲೂ ಲಕ್ಷಾಂತರ ಮಂದಿ ಆಡುವ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ 90 ಮರ, 30 ಚಿನ್ನ ಕೊಟ್ಟರೆ ಒಂದು ಯುದ್ಧನೌಕೆ ನೀರಿಗಿಳಿಯುತ್ತದೆ. ಅದಕ್ಕೆ ಕುಡಿಯುವ ನೀರು ಬೇಡ, ನಾವಿಕರಿಗೆ ಸಂಬಳ ಬೇಡ. ಹಲಗೆಗೆ ಹುಳು ಹಿಡಿಯುವುದಿಲ್ಲ, ಮಳೆಗಾಲ ಬಂತೆಂದು ಬಂದರಿಗೆ ಮರಳಬೇಕಿಲ್ಲ. ಕಾಲ್ಪನಿಕ ಲೋಕಗಳ ಅಭಿಮಾನಿಗಳು ಆ ರಾಜ್ಯದ್ದು ಇನ್ನೂರು ಹಡಗು, ಈ ರಾಜ್ಯದ್ದು ನೂರೈವತ್ತು, ಹಾಗಾಗಿ ಇವರು ಸೋಲುತ್ತಾರೆ ಎಂದು ವಾದಿಸುವುದು ಇದೇ ಧಾಟಿಯಲ್ಲಿ. ಆಟ ಆಟವೇ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಗಡಿಯಲ್ಲಿ ಸ್ವಲ್ಪ ಬಿಸಿಯೇರಿದರೆ ಸಾಕು, ನಮ್ಮ ಟಿವಿ ವಾಹಿನಿಗಳ ಪರದೆಯ ಮೇಲೂ ಅದೇ ಕೋಷ್ಟಕ ಕಾಣಿಸಿಕೊಳ್ಳುತ್ತದೆ: ಒಂದು ಬಾವುಟ, ಪಕ್ಕದಲ್ಲಿ ಹಡಗಿನ ಸಂಖ್ಯೆ, ಕೆಳಗೆ ಜಲಾಂತರ್ಗಾಮಿಗಳ ಸಂಖ್ಯೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದು ನಮ್ಮ ಮಾತು. ಇಂಥ ಪಟ್ಟಿಗಳಲ್ಲಿ ಆಗುವುದು ಇದರ ತಿರುಗುಮುರುಗು: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬೇಕಾದ ಹೊತ್ತಿಗೆ, ಬೇಕಾದ ಜಾಗಕ್ಕೆ, ನಡೆಸಬಲ್ಲ ಕೈಗಳೊಂದಿಗೆ ಒಂದು ನೌಕೆಯನ್ನು ತಂದು ನಿಲ್ಲಿಸಿ, ಕೆಲಸ ಮುಗಿದ ಮೇಲೆ ವಾಪಸು ಕರೆಸಿಕೊಂಡು ರಿಪೇರಿ ಮಾಡುವ ಸಾಮರ್ಥ್ಯಕ್ಕೆ ನೌಕಾಬಲ ಎನ್ನಬೇಕು. ಹಡಗಿನ ಎಣಿಕೆ ಅದರ ಒಂದು ಅಂಶ ಮಾತ್ರ, ಮತ್ತು ಹಲವು ಸಲ ದಾರಿ ತಪ್ಪಿಸುವ ಅಂಶ.

ಈ ಮಾತಿಗೆ ಸಾಕ್ಷಿ ಹುಡುಕಲು ಸಮುದ್ರಕ್ಕೇ ಹೋಗಬೇಕೆಂದಿಲ್ಲ. ನದಿಯ ದಾರಿಯಲ್ಲಿ ಹಲ್ದಿಯಾ ಬಂದರಿನಿಂದ ಸುಮಾರು 1,390 ಕಿ.ಮೀ. ಒಳಗಿರುವ ವಾರಾಣಸಿಯೇ ಸಾಕು. ರೈಲು ಬರುವ ಮೊದಲು ಗಂಗೆಯೇ ಉತ್ತರ ಭಾರತದ ಹೆದ್ದಾರಿ. ಅಕ್ಬರನ ಕಾಲದಲ್ಲಿ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್ ಆಗ್ರಾದಿಂದ ಬಂಗಾಳಕ್ಕೆ ಹೋದದ್ದು ಉಪ್ಪು, ಅಫೀಮು, ಇಂಗು, ಸೀಸ, ಜಮಖಾನೆ ಹೇರಿದ್ದ 180 ದೋಣಿಗಳ ಸಾಲಿನಲ್ಲಿ. ದಾರಿಯಲ್ಲಿ ಬನಾರಸನ್ನು ಕಂಡು ಬರೆದಿಟ್ಟಿದ್ದಾನೆ. ಸರಕು ಹೋಗುವ ದಾರಿಯಲ್ಲಿ ಸೈನ್ಯವೂ ಹೋಗುತ್ತದೆ. 1529ರಲ್ಲಿ ಬಾಬರ್ ಚುನಾರ್, ಬನಾರಸ್, ಗಾಜೀಪುರದ ಮೇಲೆ ಪೂರ್ವಕ್ಕೆ ಇಳಿದು ಬಂದಾಗ ತನ್ನ ದೋಣಿಗಳಿಗೆ ಆಸಾಯಿಶ್, ಆರಾಯಿಶ್, ಗುಂಜಾಯಿಶ್, ಫರ್ಮಾಯಿಶ್ ಎಂದು ಪ್ರಾಸಬದ್ಧವಾಗಿ ಹೆಸರಿಟ್ಟಿದ್ದ: ನೆಮ್ಮದಿ, ಅಲಂಕಾರ, ಸ್ಥಳಾವಕಾಶ, ಬೇಡಿಕೆ. ಎದುರಿಗಿದ್ದ ಬಂಗಾಳದ ಸುಲ್ತಾನ ನುಸ್ರತ್ ಶಾನ ಸೇನೆಗೆ ನೀರೇ ತವರು. ದೋಣಿ ನಡೆಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಆದರೂ ಆ ವರ್ಷದ ಮೇ ತಿಂಗಳಲ್ಲಿ ಗಂಗೆ ಮತ್ತು ಘಾಘ್ರಾ ಕೂಡುವಲ್ಲಿ ನಡೆದ ಕಾಳಗದಲ್ಲಿ ಗೆದ್ದವನು ಬಾಬರ್. ದಡದ ಮೇಲಿನ ಫಿರಂಗಿ, ನೀರಿನಲ್ಲಿದ್ದ ದೋಣಿ, ಮೇಲ್ಹರಿವಿನಲ್ಲಿ ಬೇರೆ ಕಡೆಯಿಂದ ನದಿ ದಾಟಿದ ತುಕಡಿ, ಈ ಮೂರನ್ನೂ ಒಂದೇ ಯೋಜನೆಗೆ ಹೊಂದಿಸಿದ್ದೇ ಅವನ ಗೆಲುವಿನ ಗುಟ್ಟು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ನದಿ ಅವನ ಮಗನಿಗೆ ಬೇರೆ ಪಾಠ ಹೇಳಿತು. 1539ರ ಜೂನ್ 26ರ ನಸುಕಿನಲ್ಲಿ, ಕರ್ಮನಾಶಾ ನದಿ ಗಂಗೆಗೆ ಸೇರುವ ಚೌಸಾದಲ್ಲಿ ಶೇರ್ ಖಾನ್ ಹುಮಾಯೂನನ ಬಿಡಾರದ ಮೇಲೆ ಬಿದ್ದ. ದಾಟಿ ಹೋಗಲೆಂದು ಮೊಘಲರು ಕಟ್ಟಿದ್ದ ದೋಣಿಸೇತುವೆ ಕೆಲಸಕ್ಕೆ ಬಾರದೆ ಹೋಯಿತು. ಸಾವಿರಾರು ಜನ ನೀರುಪಾಲಾದರು. ಬಾದಶಹನ ಜೀವ ಉಳಿಸಿದ್ದು ನೀರು ಹೊರುವ ನಿಜಾಮ್ ಎಂಬವನು ಗಾಳಿ ತುಂಬಿ ಕೊಟ್ಟ ಒಂದು ತೊಗಲಿನ ಚೀಲ. ಅದರ ಋಣಕ್ಕೆ ಹುಮಾಯೂನ್ ಅವನನ್ನು ಕೆಲ ಹೊತ್ತು ಸಿಂಹಾಸನದ ಮೇಲೆ ಕೂರಿಸಿದನೆಂಬ ಕಥೆ ಪ್ರಸಿದ್ಧ. ಆ ಬೆಳಗ್ಗೆ ಎರಡೂ ಪಕ್ಷಗಳ ದೋಣಿಗಳನ್ನು ಎಣಿಸಿ ಪಟ್ಟಿ ಮಾಡಿದ್ದರೆ ಅದರಲ್ಲಿ ಮೊಘಲರ ಸೇತುವೆಯ ಅಷ್ಟೂ ದೋಣಿಗಳು ಸೇರುತ್ತಿದ್ದವು. ಬಾದಶಹನನ್ನು ದಡ ಮುಟ್ಟಿಸಿದ ಚೀಲ ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ.

ಈ ವಾದದ ಅತಿ ಗಟ್ಟಿ ಸಾಕ್ಷಿ ಕಾಶಿಯ ಊರೊಳಗೇ ಇದೆ. ಹರಿಶ್ಚಂದ್ರ ಘಾಟಿಗೆ ಹೊಂದಿಕೊಂಡಿರುವ ಕರ್ನಾಟಕ ಘಾಟಿನಿಂದ ದಕ್ಷಿಣಕ್ಕೆ ಮೆಟ್ಟಿಲ ಮೇಲೆ ನಾಲ್ಕು ಹೆಜ್ಜೆ ನಡೆದರೆ ಹನುಮಾನ್ ಘಾಟ್, ಶಿವಾಲಾ, ಅದರಾಚೆ ಚೇತ್ ಸಿಂಗ್ ಘಾಟ್. ನೀರಿನಂಚಿನಿಂದಲೇ ಎದ್ದ ಕಲ್ಲಿನ ಗೋಡೆ, ಮೇಲೆ ಅರಮನೆ. 1781ರ ಆಗಸ್ಟ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕಾಶಿಗೆ ಬಂದದ್ದು ರಾಜ ಚೇತ್ ಸಿಂಗನಿಂದ ಹಣ ವಸೂಲಿಗೆ. ರಾಜ ವರ್ಷಕ್ಕೆ ಇಪ್ಪತ್ತೆರಡೂವರೆ ಲಕ್ಷ ರೂಪಾಯಿ ಕಪ್ಪ ಕೊಡುತ್ತಿದ್ದ. 1778ರಿಂದ ಅದರ ಮೇಲೆ ಐದು ಲಕ್ಷ ಯುದ್ಧದ ಖರ್ಚು, ಬಳಿಕ ಕುದುರೆ ಸವಾರರ ಬೇಡಿಕೆ, ಅದು ಈಡೇರಲಿಲ್ಲವೆಂದು ಐವತ್ತು ಲಕ್ಷ ದಂಡದ ಲೆಕ್ಕಾಚಾರ. ಬಕ್ಸರ್‌ವರೆಗೂ ಎದುರುಹೋಗಿ ಹೇಸ್ಟಿಂಗ್ಸನನ್ನು ಕಂಡ ಚೇತ್ ಸಿಂಗ್ ತನ್ನ ಪೇಟ ತೆಗೆದು ಅವನ ಮಡಿಲಲ್ಲಿಟ್ಟ. ಕೆಲಸವಾಗಲಿಲ್ಲ. ಆಗಸ್ಟ್ 16ರಂದು ಶಿವಾಲಾದ ಅರಮನೆಯಲ್ಲೇ ರಾಜನನ್ನು ಸೆರೆಯಲ್ಲಿಟ್ಟು ಎರಡು ಕಂಪನಿ ಸಿಪಾಯಿಗಳ ಕಾವಲು ಹಾಕಲಾಯಿತು. ಆ ಸಿಪಾಯಿಗಳ ಬಂದೂಕು ಖಾಲಿ, ಮದ್ದುಗುಂಡು ತಂದಿರಲಿಲ್ಲ.

ಅದು ಮಳೆಗಾಲದ ಗಂಗೆ. ಬೇಸಿಗೆಯಲ್ಲಿ ಎದುರು ದಡದಲ್ಲಿ ಹಾಸಿಕೊಂಡಿರುವ ಮರಳೆಲ್ಲ ಮುಳುಗಿ, ನೀರು ಗೋಡೆಯ ಬುಡಕ್ಕೆ ಬಂದಿರುವ ಹೊತ್ತು. ಆಚೆ ದಡದಲ್ಲಿ ರಾಜನ ರಾಮನಗರದ ಕೋಟೆ. ಸುದ್ದಿ ಮುಟ್ಟುತ್ತಲೇ ಅಲ್ಲಿಂದ ಆಯುಧ ಹಿಡಿದ ಜನ ದೋಣಿಗಳಲ್ಲಿ ಹೊಳೆ ದಾಟಿ ಅರಮನೆಯನ್ನು ಸುತ್ತುವರಿದರು. ಮದ್ದುಗುಂಡು ಹೊತ್ತ ತುಕಡಿ ಬಂದು ಸೇರುವ ಮೊದಲೇ ಮೂವರು ಇಂಗ್ಲಿಷ್ ಅಧಿಕಾರಿಗಳೂ ಕಾವಲಿನ ಬಹುಪಾಲು ಸಿಪಾಯಿಗಳೂ ಹತರಾದರು. ಗದ್ದಲದ ನಡುವೆ ರಾಜ ನದಿಯ ಕಡೆಯ ಕಿಟಕಿಯಿಂದ, ಒಂದಕ್ಕೊಂದು ಗಂಟು ಹಾಕಿದ ಪೇಟಗಳನ್ನೇ ಹಗ್ಗ ಮಾಡಿಕೊಂಡು ಕೆಳಗಿಳಿದು, ಕಾದಿದ್ದ ದೋಣಿ ಹತ್ತಿ ರಾಮನಗರ ಸೇರಿದ. ಬಕ್ಸರ್‌ನಲ್ಲಿ ಮಡಿಲಿಗಿಟ್ಟ ಪೇಟದಿಂದ ಆಗದ ಕೆಲಸ ಶಿವಾಲಾದ ಕಿಟಕಿಗೆ ಕಟ್ಟಿದ ಪೇಟದಿಂದ ಆಯಿತು. ನಾಲ್ಕು ದಿನ ಕಳೆದು, ಅವಸರದಲ್ಲಿ ರಾಮನಗರದ ಇಕ್ಕಟ್ಟಾದ ಓಣಿಗಳಿಗೆ ನುಗ್ಗಿದ ಕಂಪನಿಯ ತುಕಡಿಯೂ ನಾಯಕನನ್ನು ಕಳೆದುಕೊಂಡು ಹಿಂದೆ ಸರಿಯಿತು. ಆಗಸ್ಟ್ 21ರ ರಾತ್ರಿ ಗವರ್ನರ್ ಜನರಲ್ ಬನಾರಸ್ ಬಿಟ್ಟು ಚುನಾರ್ ಕೋಟೆಗೆ ಓಡಿದ. ಆ ಓಟವನ್ನು ಗೇಲಿ ಮಾಡುವ ಪದವನ್ನು ಬನಾರಸಿಗರು ಇಂದಿಗೂ ಮರೆತಿಲ್ಲ.

ಈಗ ಅಂದಿನ ನೌಕಾಬಲದ ಕೋಷ್ಟಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆ, ಹಿಂದೂ ಮಹಾಸಾಗರದಲ್ಲಿ ಬ್ರಿಟಿಷ್ ರಾಜನ ಯುದ್ಧನೌಕೆಗಳ ಬೆಂಬಲವಿದ್ದ, ಕಲ್ಕತ್ತಾ, ಮದ್ರಾಸು, ಮುಂಬಯಿಗಳನ್ನು ಹಿಡಿದಿದ್ದ ಕಂಪನಿ. ಇನ್ನೊಂದು ಕಡೆ, ಸಮುದ್ರವನ್ನೇ ಕಾಣದ ಒಬ್ಬ ಜಮೀನ್ದಾರ ರಾಜ, ಅವನ ನದೀದೋಣಿಗಳು. ಕೋಷ್ಟಕ ನಂಬಿದವನು ಆ ವಾರ ಚೇತ್ ಸಿಂಗನ ಪರ ಬಿಡಿಗಾಸೂ ಕಟ್ಟುತ್ತಿರಲಿಲ್ಲ. ಆದರೆ ಶಿವಾಲಾದ ಕಿಟಕಿಯ ಕೆಳಗೆ ಎಣಿಕೆಗೆ ಬಂದದ್ದು ಒಂದೇ ದೋಣಿ. ಹಾಗೆಂದು ಇಲ್ಲಿಗೇ ಕಥೆ ನಿಲ್ಲಿಸಿದರೆ ಅದೂ ಅರ್ಧಸತ್ಯವೇ. ತಿಂಗಳೊಪ್ಪತ್ತಿನಲ್ಲಿ ಗಾಳಿ ತಿರುಗಿತು. ಚುನಾರ್, ದಾನಾಪುರ, ಕಾನ್ಪುರಗಳಲ್ಲಿ ಒಂದೇ ನದಿಯ ದಡದುದ್ದಕ್ಕೂ ಕಂಪನಿಯ ಠಾಣ್ಯಗಳಿದ್ದವು; ಅಲ್ಲಿ ಸೈನ್ಯ, ಮದ್ದು, ದವಸ ಇತ್ತು. ರಾಜನಿಗೆ ರಾಮನಗರ ಬಿಟ್ಟರೆ ದಕ್ಷಿಣದ ಬೆಟ್ಟಗಳ ಕೋಟೆಗಳು ಮಾತ್ರ. ಲತೀಫ್‌ಪುರ ಹೋಯಿತು, ನವೆಂಬರಿನಲ್ಲಿ ಬಿಜಯಗಢವೂ ಬಿತ್ತು. ಚೇತ್ ಸಿಂಗ್ ಗ್ವಾಲಿಯರ್ ಕಡೆ ಹೋಗಿ ಅಲ್ಲಿಯೇ 1810ರಲ್ಲಿ ತೀರಿಕೊಂಡ. ಒಂದು ದಿನದ ಕಾಳಗವನ್ನು ಸರಿಯಾದ ಜಾಗದಲ್ಲಿದ್ದ ದೋಣಿ ಗೆದ್ದುಕೊಟ್ಟಿತು. ಮೂರು ತಿಂಗಳ ಯುದ್ಧವನ್ನು ದಡದ ಮೇಲಿನ ಉಗ್ರಾಣ ಗೆದ್ದಿತು. ಎರಡೂ ನೌಕಾಬಲವೇ. ಎರಡಕ್ಕೂ ಹಡಗಿನ ಪಟ್ಟಿಯಲ್ಲಿ ಕಾಲಂ ಇಲ್ಲ.

ಹೇಸ್ಟಿಂಗ್ಸನಿಗೆ ಅಷ್ಟೊಂದು ಹಣದ ತುರ್ತು ಯಾಕಿತ್ತು ಎಂದು ಕೇಳಿದರೆ ಕಾಶಿಯ ಕಥೆ ನೇರ ಕನ್ನಡ ಕರಾವಳಿಗೆ ಬಂದು ಮುಟ್ಟುತ್ತದೆ. ಅವನ ಬೊಕ್ಕಸವನ್ನು ಬರಿದು ಮಾಡಿದ್ದು ಮರಾಠರ ಮೇಲಿನ ಯುದ್ಧ, ಮತ್ತು 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದ ಹೈದರಾಲಿ. ನೆಲದ ಮೇಲೆ ಹೈದರನನ್ನು ಹಿಡಿಯುವವರಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಅಲ್ಲಿ ಲಂಗರು ಹಾಕಿದ್ದ ಹೈದರನ ಹಡಗುಗಳನ್ನು ನಾಶ ಮಾಡಿದ. ಇದು ಮೊದಲ ಪೆಟ್ಟೂ ಆಗಿರಲಿಲ್ಲ. 1768ರಲ್ಲಿ ಮುಂಬಯಿಯಿಂದ ಬಂದ ದಂಡು ಮಂಗಳೂರನ್ನು ಹಿಡಿದಾಗಲೂ ಅವನ ಹಡಗುಗಳು ಕೈಬಿಟ್ಟು ಹೋಗಿದ್ದವು. ಎರಡೂ ಸಲ ಹಡಗುಗಳಿದ್ದವು. ಬಂದರಿನ ಬಾಯಿ ಕಾಯುವ ವ್ಯವಸ್ಥೆ, ತಲೆಮಾರುಗಳಿಂದ ಪಳಗಿದ ಯುದ್ಧನಾವಿಕರು ಇರಲಿಲ್ಲ. ಮಲೆನಾಡಿನ ಮರವಿತ್ತು, ಹಣವಿತ್ತು, ಇಚ್ಛೆಯಂತೂ ಇತ್ತು. ಟಿಪ್ಪು 1796ರಲ್ಲಿ ಹೊರಡಿಸಿದ ನೌಕಾಪಡೆಯ ಆಜ್ಞೆಯನ್ನು ಓದಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು 40 ಯುದ್ಧನೌಕೆಗಳು, ಅವುಗಳ ಉಸ್ತುವಾರಿಗೆ ಅಧಿಕಾರಿಗಳ ಮಂಡಳಿ, ಮಂಗಳೂರು ಸೇರಿದಂತೆ ಕರಾವಳಿಯಲ್ಲಿ ಹಡಗುಕಟ್ಟೆಗಳು: ಎಲ್ಲವೂ ಕಾಗದದ ಮೇಲೆ ಒಪ್ಪವಾಗಿತ್ತು. ಆ ಯೋಜನೆ ದೂರದೃಷ್ಟಿಯದೇ. ಆದರೆ ನೌಕಾಪಡೆ ಬೆಳೆಯಲು ತಲೆಮಾರುಗಳು ಬೇಕು. ಟಿಪ್ಪುವಿಗೆ ಉಳಿದಿದ್ದದ್ದು ಮೂರು ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಪಡೆ ಇನ್ನೂ ಆಜ್ಞೆಯ ಹಾಳೆಯಲ್ಲೇ ಇತ್ತು.

ಹೈದರನ ನೆರವಿಗೆ ಬಂದ ಫ್ರೆಂಚ್ ನೌಕಾನಾಯಕ ಸಫ್ರೆನ್ ಮತ್ತು ಹ್ಯೂಸ್ ನಡುವೆ ನಡೆದ ಸರಣಿ ಕಾಳಗಗಳು ಎಣಿಕೆಯ ಮಿತಿಯನ್ನು ಇನ್ನೊಂದು ಬದಿಯಿಂದ ತೋರಿಸುತ್ತವೆ. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಅವರು ಐದು ಸಲ ಎದುರುಬದುರಾದರು, ಒಂದೂ ನಿರ್ಣಾಯಕವಾಗಲಿಲ್ಲ. ಸಫ್ರೆನ್ನನ ನಿಜವಾದ ತಲೆನೋವು ಇಂಗ್ಲಿಷರ ಹಡಗಿನ ಸಂಖ್ಯೆಯಾಗಿರಲಿಲ್ಲ. ಮುರಿದ ಹಾಯಿಕಂಬ ಬದಲಿಸಲು, ಗಾಯಾಳುಗಳನ್ನು ಇಳಿಸಲು ಪೂರ್ವ ಕರಾವಳಿಯಲ್ಲಿ ಅವನಿಗೊಂದು ಸುರಕ್ಷಿತ ಬಂದರಿರಲಿಲ್ಲ. ಹ್ಯೂಸನಿಗಾದರೆ ಮುಂಬಯಿಯ ಹಡಗುಕಟ್ಟೆಯಿತ್ತು. 1782ರ ಆಗಸ್ಟ್ ಕೊನೆಯಲ್ಲಿ ಸಿಂಹಳದ ತ್ರಿಕೋಣಮಲೆಯನ್ನು ಹಿಡಿದದ್ದೇ ಸಫ್ರೆನ್ನನ ಬಲು ದೊಡ್ಡ ಗೆಲುವು. ಕಡಲೂರಿನ ಕೊನೆಯ ಕಾಳಗದಲ್ಲಿ ಹ್ಯೂಸನ 18 ನೌಕೆಗಳೆದುರು ಅವನವು 15. ನಾವಿಕರು ಸಾಲದೆ ದಡದಿಂದ 1,200 ಸೈನಿಕರನ್ನು ಎರವಲು ತಂದು ಹಡಗು ತುಂಬಿಸಿಕೊಂಡಿದ್ದ. ಆದರೂ ಹಿಂದೆ ಸರಿದವನು ಹ್ಯೂಸ್. ಅವನ ನಾವಿಕರಲ್ಲಿ ಸ್ಕರ್ವಿ ಹರಡಿತ್ತು, ಕುಡಿಯುವ ನೀರು ಮುಗಿಯುತ್ತ ಬಂದಿತ್ತು. ಮೂರು ನೌಕೆ ಹೆಚ್ಚಿದ್ದವನನ್ನು ಮದ್ರಾಸಿಗೆ ಮರಳಿಸಿದ್ದರಲ್ಲಿ ಫಿರಂಗಿಯಷ್ಟೇ ಪಾಲು ನೀರಿನ ಪೀಪಾಯಿಯದ್ದೂ ಇತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರದ್ದಲ್ಲ. ಅಪರೂಪದ ಉದಾಹರಣೆಗಳನ್ನು ಹೆಕ್ಕಿ ತೆಗೆದರೆ ಏನನ್ನು ಬೇಕಾದರೂ ಸಾಧಿಸಬಹುದು. ದೀರ್ಘಕಾಲದಲ್ಲಿ ಹೆಚ್ಚು ಹಡಗಿದ್ದವರೇ ಗೆಲ್ಲುವುದಿಲ್ಲವೇ? ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಸರಕು ಹಡಗುಗಳನ್ನು ಮುಳುಗಿಸುತ್ತಲೇ ಇದ್ದವು. ಅಮೆರಿಕ 2,710 ‘ಲಿಬರ್ಟಿ’ ಹಡಗುಗಳನ್ನು ಕಟ್ಟಿ ನೀರಿಗಿಳಿಸಿತು. ಅಲ್ಲಿ ಸಂಖ್ಯೆ ಗೆಲ್ಲಲಿಲ್ಲವೇ? ಗೆದ್ದಿತು, ನಿಜ. ಆದರೆ ಯಾವ ಸಂಖ್ಯೆ? ಯುದ್ಧ ಶುರುವಾದ ದಿನ ಆ ಹಡಗುಗಳು ಯಾವ ಪಟ್ಟಿಯಲ್ಲೂ ಇರಲಿಲ್ಲ. ಇದ್ದದ್ದು ಉಕ್ಕು, ಬೆಸುಗೆ ಕಲಿಯಬಲ್ಲ ಗಂಡಸರು ಹೆಂಗಸರು, ಹಗಲೂ ರಾತ್ರಿ ಕೆಲಸ ನಡೆಸಬಲ್ಲ ಹಡಗುಕಟ್ಟೆಗಳು. ಎಣಿಸುವುದೇ ಆದರೆ ಅವನ್ನು ಎಣಿಸಬೇಕಿತ್ತು. ಇನ್ನೊಂದೆಡೆ, 1805ರ ಟ್ರಫಾಲ್ಗರ್‌ನಲ್ಲಿ ನೆಲ್ಸನ್ನನ 27 ನೌಕೆಗಳು ಫ್ರಾನ್ಸ್ ಮತ್ತು ಸ್ಪೇನಿನ 33ನ್ನು ಸೋಲಿಸಿದವು. ವರ್ಷಗಟ್ಟಲೆ ಬಂದರಿನೊಳಗೆ ಸಿಕ್ಕಿಬಿದ್ದಿದ್ದ ನಾವಿಕರಿಗೂ ವರ್ಷಗಟ್ಟಲೆ ಕಡಲಿನಲ್ಲೇ ಕಾವಲು ಕಾದ ನಾವಿಕರಿಗೂ ಇದ್ದ ಅಂತರ ಆ ಫಲಿತಾಂಶದ ಹಿಂದಿದೆ. ಸಂಖ್ಯೆಗೆ ಬೆಲೆಯೇ ಇಲ್ಲವೆಂದು ನನ್ನ ವಾದವಲ್ಲ. ಉಳಿದದ್ದೆಲ್ಲ ಸಮನಾಗಿದ್ದಾಗ ಮಾತ್ರ ಸಂಖ್ಯೆ ಮಾತಾಡುತ್ತದೆ, ಮತ್ತು ಉಳಿದದ್ದೆಲ್ಲ ಸಮನಾಗಿರುವುದು ತೀರಾ ಅಪರೂಪ.

ಇವತ್ತಿನ ಅಂಕಿಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ರಕ್ಷಣಾ ಇಲಾಖೆಯ 2023ರ ವರದಿಯ ಪ್ರಕಾರ ಚೀನಾದ ಬಳಿ 370ಕ್ಕೂ ಹೆಚ್ಚು ಯುದ್ಧ ಹಡಗು ಮತ್ತು ಜಲಾಂತರ್ಗಾಮಿಗಳಿವೆ. ಸಂಖ್ಯೆಯಲ್ಲಿ ಜಗತ್ತಿನ ಅತಿ ದೊಡ್ಡ ನೌಕಾಪಡೆ ಅದು. ಅಮೆರಿಕದ್ದು ಮುನ್ನೂರಕ್ಕಿಂತ ಕಡಿಮೆ. ಆದರೆ ಒಟ್ಟು ತೂಕದಲ್ಲಿ ಅಮೆರಿಕ ಮುಂದಿದೆ, ಅದರ ಬಳಿ 11 ದೊಡ್ಡ ವಿಮಾನವಾಹಕಗಳಿವೆ, ದೂರದ ಸಾಗರಗಳಲ್ಲಿ ಇಂಧನ ತುಂಬಿಸಿಕೊಳ್ಳಲು ನೆಲೆಗಳಿವೆ. ಹಾಗಾದರೆ ಅಮೆರಿಕವೇ ಬಲಿಷ್ಠವೆಂದು ಇನ್ನೊಂದು ಪಟ್ಟಿ ಬರೆದರೂ ತಪ್ಪಾಗುತ್ತದೆ. ಚೀನಾದ ಹಡಗುಕಟ್ಟೆಗಳ ವೇಗದ ಮುಂದೆ ಅಮೆರಿಕದವು ಏದುಸಿರು ಬಿಡುತ್ತಿವೆ. ತೈವಾನ್ ಜಲಸಂಧಿಯಲ್ಲಿ ಕೇಳಿದ ಪ್ರಶ್ನೆಗೆ ಬರುವ ಉತ್ತರ ಬೇರೆ, ಅರಬ್ಬೀ ಸಮುದ್ರದಲ್ಲಿ ಕೇಳಿದರೆ ಬರುವುದು ಬೇರೆ. ಭಾರತದ ಮಟ್ಟಿಗೂ ಅಷ್ಟೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ‘ವಿಕ್ರಾಂತ್’ ಸೇವೆಗೆ ಸೇರಿದಾಗ ದೇಶವೆಲ್ಲ ಕಣ್ಣರಳಿಸಿ ನೋಡಿತು. 2005ರಲ್ಲಿ ಕಾರವಾರದಲ್ಲಿ ಆರಂಭವಾದ ‘ಐಎನ್ಎಸ್ ಕದಂಬ’ ನೆಲೆಗೆ ಅಷ್ಟು ಚಪ್ಪಾಳೆ ಬೀಳಲಿಲ್ಲ. ಆದರೆ 10,000 ಟನ್ ತೂಕದ ಹಡಗನ್ನು ನೀರಿನಿಂದ ಎತ್ತಿ ಒಣನೆಲದ ಮೇಲೆ ತಂದು ನಿಲ್ಲಿಸುವ ಅಲ್ಲಿನ ಶಿಪ್‌ಲಿಫ್ಟ್ ಇಲ್ಲದಿದ್ದರೆ ಎಷ್ಟೋ ನೌಕೆಗಳು ಹೆಚ್ಚು ದಿನ ರಿಪೇರಿಯ ಸರದಿಯಲ್ಲಿ ಕಾಯಬೇಕಾಗುತ್ತಿತ್ತು. ಸಫ್ರೆನ್ ತ್ರಿಕೋಣಮಲೆಯಲ್ಲಿ ಹುಡುಕಿದ್ದು ಇಂಥದೊಂದನ್ನೇ. ಆ ನೆಲೆಗಾಗಿ ಊರು ಬಿಟ್ಟ ಕಾರವಾರ, ಅಂಕೋಲಾ ಕಡೆಯ ಕುಟುಂಬಗಳೂ ಈ ದೇಶದ ನೌಕಾಬಲದ ಬೆಲೆ ತೆತ್ತವರೇ. ಅವರನ್ನೂ ಯಾವ ಕೋಷ್ಟಕ ಎಣಿಸುವುದಿಲ್ಲ.

ಎರಡನೇ ಆಕ್ಷೇಪ: ನದಿಯ ದೋಣಿಯನ್ನು ತಂದು ಸಮುದ್ರದ ಯುದ್ಧನೌಕೆಯ ಪಕ್ಕ ನಿಲ್ಲಿಸುವುದು ಆನೆಯನ್ನೂ ಆಡನ್ನೂ ತೂಗಿದಂತೆ, ಮೇಲಾಗಿ ಆಟವೆಂದರೆ ಸರಳೀಕರಣವೇ ಅಲ್ಲವೇ, ಅದರಲ್ಲಿ ಕುಡಿಯುವ ನೀರಿನ ಲೆಕ್ಕ ಇಟ್ಟರೆ ಆಡುವವರಾರು? ಮೊದಲ ಅರ್ಧಕ್ಕೆ ಉತ್ತರ ಸುಲಭ. ಗಾತ್ರ ಬೇರೆಯಾದರೂ ಕಟ್ಟುಪಾಡು ಒಂದೇ. ನದಿಗೆ ಆಳ, ಮರಳ ದಿಬ್ಬ, ನೆರೆ. ಸಮುದ್ರಕ್ಕೆ ಮುಂಗಾರು, ಜಲಸಂಧಿ, ಇಂಧನ. ಎರಡರಲ್ಲೂ ನೌಕೆ ಹೋಗಬಲ್ಲ ಕಡೆ ಮಾತ್ರ ಹೋಗುತ್ತದೆ, ಚತುರಾಜಿಯ ದೋಣಿಯ ಎಂಟು ಮನೆಗಳ ಹಾಗೆ. ಎರಡನೇ ಅರ್ಧವನ್ನು ಒಪ್ಪಿಕೊಂಡೇ ಒಂದು ಮಾತು ಸೇರಿಸಬೇಕು. ಸರಳೀಕರಿಸುವಾಗ ಏನನ್ನು ಉಳಿಸಿಕೊಳ್ಳುತ್ತೇವೆ ಎಂಬುದರಲ್ಲಿ ಆಟ ಕಟ್ಟಿದವನ ತಿಳಿವಳಿಕೆ ಕಾಣುತ್ತದೆ. ಚತುರಾಜಿಯೂ ಸರಳವೇ, ಈಗಿನ ಆಟಗಳಿಗಿಂತ ನೂರು ಪಟ್ಟು ಸರಳ. ಆದರೆ ಅದನ್ನು ಕಟ್ಟಿದವರು ಸಂಖ್ಯೆಯನ್ನು ಬಿಟ್ಟು ಜಾಗವನ್ನೂ ಸರದಿಯನ್ನೂ ಉಳಿಸಿಕೊಂಡರು. ದೋಣಿ ದೋಣಿಯನ್ನು ಹೊಡೆಯದೆಯೂ ನದಿಯನ್ನು ಗೆಲ್ಲಬಹುದೆಂಬ ಅರಿವು ಆ ನಿಯಮದಲ್ಲಿದೆ. ಮಕ್ಕಳು ದಿನಗಟ್ಟಲೆ ಆಡುವ ಆಟ ಅವರ ಕಣ್ಣನ್ನು ಪಳಗಿಸುತ್ತದೆ. ಎಣಿಸುವುದನ್ನಷ್ಟೇ ಕಲಿತ ಕಣ್ಣು ನಾಳೆ ರಕ್ಷಣಾ ಬಜೆಟ್ಟನ್ನೂ ಹಾಗೆಯೇ ಓದುತ್ತದೆ.

ಕಾಶಿಯ ನದಿಯ ಮೇಲೆ ಈಗ ಯುದ್ಧವಿಲ್ಲ, ಆದರೆ ಎಣಿಕೆಯ ಮೋಹ ಅಲ್ಲಿಯೂ ತಪ್ಪಿಲ್ಲ. ಹಲ್ದಿಯಾದಿಂದ ಪ್ರಯಾಗದವರೆಗಿನ 1,620 ಕಿ.ಮೀ. ಗಂಗೆ 1986ರಲ್ಲೇ ರಾಷ್ಟ್ರೀಯ ಜಲಮಾರ್ಗ 1 ಆಯಿತು. 2018ರ ನವೆಂಬರಿನಲ್ಲಿ ರಾಮನಗರದಲ್ಲಿ ಸರಕು ಟರ್ಮಿನಲ್ ಉದ್ಘಾಟನೆಯಾಯಿತು. 2023ರ ಜನವರಿ 13ರಂದು 62 ಮೀಟರ್ ಉದ್ದದ ‘ಗಂಗಾ ವಿಲಾಸ್’ ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನಗಳ, 3,200 ಕಿ.ಮೀ. ಯಾನಕ್ಕೆ ಹೊರಟಾಗ ಹಡಗಿನ ಉದ್ದ, ಕೋಣೆಗಳ ಸಂಖ್ಯೆ, ಟಿಕೆಟ್ಟಿನ ದರವೆಲ್ಲ ಸುದ್ದಿಯಾದವು. ಇವೆಲ್ಲ ಸಾಧನೆಗಳೇ. ಆದರೆ ಜಲಮಾರ್ಗದ ಹಣೆಬರಹ ನಿಂತಿರುವುದು ಬೇಸಿಗೆಯಲ್ಲಿ ನದಿಗೆ ಎಷ್ಟು ಆಳ ಉಳಿಯುತ್ತದೆ, ಮರಳು ಎಲ್ಲಿ ಸರಿದಿದೆ ಎಂಬುದರ ಮೇಲೆ. ಆ ಮರಳಿನ ನಡೆಯನ್ನು ತಲೆಮಾರುಗಳಿಂದ ಓದಿಕೊಂಡು ಬಂದವರು ನಿಷಾದರು, ಕಾಶಿಯ ಮಲ್ಲಾಹರು. ನಮ್ಮ ಅಂಬಿಗರ ಚೌಡಯ್ಯನ ಕಸುಬಿನವರು. ಚೇತ್ ಸಿಂಗ್ ಘಾಟಿನಿಂದ ಕೊಂಚವೇ ದಕ್ಷಿಣಕ್ಕೆ ಅವರ ಹೆಸರಿನದೇ ಒಂದು ಘಾಟ್ ಇದೆ. ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾದ ದೋಣಿಗಳಿಗೆ ನದಿಯ ಮೇಲೆಯೇ ತೇಲುವ ಬಂಕ್ ಮಾಡಿದ್ದು ಜಾಣತನದ ಕೆಲಸ, ಯಾಕೆಂದರೆ ಅದು ದೋಣಿಯನ್ನು ಮಾತ್ರವಲ್ಲ, ದೋಣಿ ನಿತ್ಯ ಓಡಲು ಬೇಕಾದದ್ದನ್ನೂ ನೋಡಿತು. ಐಷಾರಾಮಿ ಹಡಗುಗಳು ಬಂದು ತಮ್ಮ ಹುಟ್ಟು ಕಸಿದುಕೊಳ್ಳುತ್ತವೆಂಬ ಅಂಬಿಗರ ಆತಂಕವನ್ನು ಅದೇ ಜಾಣತನದಿಂದ ನೋಡಬೇಕಿದೆ. ಅಂಬಿಗರು ಕಸುಬು ಬಿಟ್ಟ ನದಿಯಲ್ಲಿ ಹಡಗುಗಳ ಸಂಖ್ಯೆ ಏರಬಹುದು, ನದಿ ಬಲ್ಲವರ ಸಂಖ್ಯೆ ಇಳಿಯುತ್ತದೆ.

ಹೋಲಿಕೆ ಬೇಡವೆಂದು ಇಷ್ಟೆಲ್ಲ ಹೇಳಿದ್ದಲ್ಲ. ಎದುರಾಳಿಯ ಬಲ ತಿಳಿಯದ ರಾಜ್ಯ ಉಳಿಯುವುದಿಲ್ಲ. ನಿಜವಾದ ರಾಜ್ಯವಾಗಲಿ, ಆಟದ ರಾಜ್ಯವಾಗಲಿ. ಹೋಲಿಸುವಾಗ ಹಡಗಿನ ಅಂಕಿಯ ಪಕ್ಕದಲ್ಲಿ ಇನ್ನು ನಾಲ್ಕು ಕಾಲಂ ಇರಲಿ ಎಂಬುದಷ್ಟೇ ಕೋರಿಕೆ. ಈ ಹಡಗುಗಳನ್ನು ನಡೆಸುವವರು ಎಷ್ಟು ಕಾಲದಿಂದ ಪಳಗಿದ್ದಾರೆ? ಪೆಟ್ಟು ತಿಂದ ಹಡಗು ಎಲ್ಲಿಗೆ ಮರಳುತ್ತದೆ, ಎಷ್ಟು ದಿನದಲ್ಲಿ ಎದ್ದು ಬರುತ್ತದೆ? ಕಾಳಗ ನಡೆಯುವ ನೀರು ಯಾರ ಮನೆಯಂಗಳ? ಮತ್ತು ಇದೆಲ್ಲದರ ಖರ್ಚು ಯಾರ ಬೊಕ್ಕಸದಿಂದ ಬರುತ್ತಿದೆ? ಕೊನೆಯ ಪ್ರಶ್ನೆಯನ್ನು ಕಲ್ಕತ್ತೆಯಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ ಹೇಸ್ಟಿಂಗ್ಸ್ ಕಾಶಿಗೆ ಬರುತ್ತಲೇ ಇರಲಿಲ್ಲವೇನೋ. ಬಂದದ್ದರಿಂದ ಅವನಿಗೆ ಸಿಕ್ಕಿದ್ದೂ ಅಷ್ಟಕ್ಕಷ್ಟೇ: ಬಿಜಯಗಢದ ಖಜಾನೆಯನ್ನು ಗೆದ್ದ ಸೈನಿಕರೇ ಹಂಚಿಕೊಂಡುಬಿಟ್ಟರು, ಯುದ್ಧದ ಖರ್ಚಿಗೆಂದು ಹೊರಟವನು ಬರಿಗೈಲಿ ಉಳಿದ, ಮುಂದೆ ಲಂಡನ್ನಿನಲ್ಲಿ ಏಳು ವರ್ಷ ನಡೆದ ಮಹಾಭಿಯೋಗದಲ್ಲಿ ಚೇತ್ ಸಿಂಗನ ಪ್ರಕರಣವೇ ಮೊದಲ ಆರೋಪಗಳಲ್ಲೊಂದಾಯಿತು. ಆ ಆಗಸ್ಟ್‌ನಲ್ಲಿ ಅವನು ಎಲ್ಲವನ್ನೂ ಲೆಕ್ಕ ಹಾಕಿಕೊಂಡೇ ಬಂದಿದ್ದ: ಕಪ್ಪ ಎಷ್ಟು, ದಂಡ ಎಷ್ಟು, ಕಾವಲಿಗೆ ಎಷ್ಟು ಕಂಪನಿ. ಕಿಟಕಿಯ ಕೆಳಗಿನ ದೋಣಿಯೊಂದು ಲೆಕ್ಕದಿಂದ ಹೊರಗುಳಿದಿತ್ತು.